ವೃದ್ಧಾಶ್ವದ ಸಂಧಿಪಾಲನೆ

ಕುದುರೆಗೆ ವಯಸ್ಸಾದಂತೆ ಅದರ ಕೀಲುಗಳಲ್ಲಿ ಉಂಟಾಗುವ ಸವೆತ, ಬಿಗಿತ ಮತ್ತು ನೋವುಗಳನ್ನು ಸಕಾಲದಲ್ಲಿ ಗುರುತಿಸಿ, ಆಹಾರ, ವ್ಯಾಯಾಮ, ಗೊರಸಿನ ಆರೈಕೆ, ಲಾಯದ ವ್ಯವಸ್ಥೆ ಮತ್ತು ಔಷಧಗಳ ಮೂಲಕ ಅದರ ನಡಿಗೆಯನ್ನು ಸಾಧ್ಯವಾದಷ್ಟು ಕಾಲ ಸುಗಮವಾಗಿ ಉಳಿಸಿಕೊಳ್ಳುವ ಕ್ರಮವೇ ವೃದ್ಧಾಶ್ವದ ಸಂಧಿಪಾಲನೆ. ಪಶುವೈದ್ಯದ ಇತರ ಶಾಖೆಗಳಲ್ಲಿ ರೋಗವನ್ನು ನಿರ್ಮೂಲಗೊಳಿಸುವುದು ಗುರಿಯಾದರೆ ಇಲ್ಲಿ ಆ ಗುರಿ ಮೊದಲಿನಿಂದಲೇ ಕೈಗೆಟುಕದ್ದು. ಸವೆದುಹೋದ ಮೃದ್ವಸ್ಥಿ ಮರಳಿ ಮೊದಲಿನಂತೆ ಬೆಳೆಯುವುದಿಲ್ಲವಾದುದರಿಂದ, ಇರುವುದನ್ನು ಕಾಪಾಡಿಕೊಂಡು, ನೋವನ್ನು ತಗ್ಗಿಸಿ, ಪ್ರಾಣಿಯು ನಡೆಯುತ್ತಲೇ ಇರುವಂತೆ ನೋಡಿಕೊಳ್ಳುವುದಷ್ಟೇ ಸಾಧ್ಯ. ಈ ಮಿತಿಯನ್ನು ಒಪ್ಪಿಕೊಂಡವನ ಲಾಯದಲ್ಲಿ ಮುದಿ ಕುದುರೆ ಹಲವು ವರ್ಷ ನೆಮ್ಮದಿಯಾಗಿ ಬಾಳುತ್ತದೆ. ಒಪ್ಪದೆ ಪುಡಿ, ತೈಲ, ಸೂಜಿಮದ್ದುಗಳ ಬೆನ್ನು ಹತ್ತಿದವನ ಹಣ ಕರಗುತ್ತದೆಯೇ ಹೊರತು ಕುದುರೆಯ ಕುಂಟು ಕರಗುವುದಿಲ್ಲ.

ಸಾಮಾನ್ಯವಾಗಿ ಕುದುರೆಯ ಆಯುಸ್ಸು 25ರಿಂದ 30 ವರ್ಷ. ಸಣ್ಣ ತಳಿಯ ತಟ್ಟುಗಳು ಇನ್ನೂ ಕೆಲವು ವರ್ಷ ಹೆಚ್ಚು ಬದುಕುವುದುಂಟು. ಇಂಗ್ಲೆಂಡಿನ ಕಾಲುವೆಯ ದಡದಲ್ಲಿ ದೋಣಿಗಳನ್ನು ಎಳೆಯುತ್ತಿದ್ದ ಓಲ್ಡ್ ಬಿಲ್ಲಿ ಎಂಬ ಕುದುರೆ 1760ರಲ್ಲಿ ಹುಟ್ಟಿ 1822ರಲ್ಲಿ, ತನ್ನ 62ನೆಯ ವಯಸ್ಸಿನಲ್ಲಿ ಸತ್ತಿತೆಂದು ದಾಖಲೆಯಿದ್ದು, ಅದರ ತಲೆಬುರುಡೆಯನ್ನು ಮ್ಯಾಂಚೆಸ್ಟರ್ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ. ಇಂಥ ಅಪವಾದಗಳನ್ನು ಬಿಟ್ಟರೆ, 15 ದಾಟಿದ ಕುದುರೆಯನ್ನು ಪ್ರೌಢವೆಂದೂ 20 ದಾಟಿದುದನ್ನು ವೃದ್ಧವೆಂದೂ ಪಶುವೈದ್ಯರು ಎಣಿಸುತ್ತಾರೆ. ಹುಟ್ಟಿದ ದಿನಾಂಕದ ದಾಖಲೆಯಿಲ್ಲದೆಡೆ ವಯಸ್ಸನ್ನು ಹೇಳುವುದು ಹಲ್ಲು: ಮೇಲ್ದವಡೆಯ ಮೂಲೆಯ ಬಾಚಿಹಲ್ಲಿನ ಹೊರಮೈಯಲ್ಲಿ ಹತ್ತನೆಯ ವರ್ಷದ ಸುಮಾರಿಗೆ ವಸಡಿನ ಬಳಿ ಮೂಡುವ ಕಂದುಗೆರೆಯು 15ರ ಹೊತ್ತಿಗೆ ಹಲ್ಲಿನ ಅರ್ಧಕ್ಕೆ ಇಳಿದು, 20ಕ್ಕೆ ಉದ್ದಕ್ಕೂ ಹರಡಿ, ಆಮೇಲೆ ಮೇಲಿನಿಂದ ಅಳಿಯತೊಡಗಿ, 30ರ ಹೊತ್ತಿಗೆ ಮಾಯವಾಗುತ್ತದೆಂಬುದು ಹತ್ತೊಂಬತ್ತನೆಯ ಶತಮಾನದ ಗ್ಯಾಲ್ವೇನ್ ಎಂಬಾತನ ಹೆಸರಿನಲ್ಲಿ ರೂಢಿಗೆ ಬಂದ ಲೆಕ್ಕ. ಲೆಕ್ಕ ಸ್ಥೂಲವಾದುದು, ಎರಡು ಮೂರು ವರ್ಷ ಆಚೀಚೆಯಾಗುವುದು ಸಹಜ.

ನಮ್ಮ ನಾಡಿನ ಚರಿತ್ರೆಯಲ್ಲಿ ಕುದುರೆಗೆ ಮುಪ್ಪು ಬರುವುದೇ ವಿರಳವಾಗಿತ್ತು. ದಕ್ಷಿಣ ಭಾರತದ ಅರಸರು ಹೊರ್ಮುಜ್, ಏಡನ್ ಮುಂತಾದ ರೇವುಗಳಿಂದ ಅಪಾರ ಬೆಲೆ ತೆತ್ತು ತರಿಸಿಕೊಂಡ ಅಶ್ವಗಳು ಆರೈಕೆ ಬಲ್ಲವರಿಲ್ಲದೆ, ಬೇಯಿಸಿದ ಅನ್ನವನ್ನು ತಿಂದು ಬೇಗನೆ ಸಾಯುತ್ತಿದ್ದುವೆಂದು ಹದಿಮೂರನೆಯ ಶತಮಾನದ ಕೊನೆಯಲ್ಲಿ ಬಂದ ಮಾರ್ಕೊ ಪೋಲೊ ಬರೆದಿದ್ದಾನೆ. ವಿಜಯನಗರದ ದೊರೆ ವರ್ಷವೊಂದಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ವರ್ತಕ ನೂನಿಜ್ ಹೇಳುತ್ತಾನೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆಯಿರಬಹುದಾದರೂ, ಪ್ರತಿವರ್ಷವೂ ಹೊಸದನ್ನು ಕೊಳ್ಳಬೇಕಾಗಿತ್ತೆಂದರೆ ಹಳೆಯವು ಎಷ್ಟು ಬೇಗ ಮುಗಿದುಹೋಗುತ್ತಿದ್ದುವೆಂಬುದನ್ನು ಊಹಿಸುವುದು ಕಷ್ಟವಲ್ಲ. ಹಾಗೆಂದಮಾತ್ರಕ್ಕೆ ಶಾಸ್ತ್ರಕ್ಕೆ ಕೊರತೆಯಿತ್ತೆಂದಲ್ಲ. ಶಾಲಿಹೋತ್ರನ ಹೆಸರಿನಲ್ಲಿ ಬಂದ ಸಂಪ್ರದಾಯ, ನಕುಲನ ಹೆಸರಿನ ಅಶ್ವಶಾಸ್ತ್ರ, ಜಯದತ್ತನ ಅಶ್ವವೈದ್ಯಕ ಇವು ಸಂಸ್ಕೃತದಲ್ಲಿವೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಅಶ್ವಗಳ ವಿಚಾರಕ್ಕೆ ಸಾಕಷ್ಟು ಎಡೆ ಕೊಟ್ಟಿದ್ದಾನೆ. ಕನ್ನಡದಲ್ಲಿಯೇ ಅಭಿನವಚಂದ್ರನು ಅಶ್ವವೈದ್ಯವನ್ನು ಕುರಿತು ಗ್ರಂಥ ರಚಿಸಿದ್ದಾನೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಸೈನ್ಯಕ್ಕಾಗಿ ನೆಲೆಗೊಂಡ ಕುಣಿಗಲಿನ ಕುದುರೆ ಫಾರಂ ಮುಂದೆ ಪಂದ್ಯದ ಕುದುರೆಗಳ ತಳಿ ಬೆಳೆಸುವ ಕೇಂದ್ರವಾಯಿತು.

ಮುದಿ ಕುದುರೆಗಳ ಪಾಲನೆಯು ಒಂದು ಸಾರ್ವಜನಿಕ ಕರ್ತವ್ಯವೆಂಬ ಭಾವನೆಗೆ ಬಲ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ, ಅದೂ ಈಜಿಪ್ಟಿನಲ್ಲಿ. ಮೊದಲನೆಯ ಮಹಾಯುದ್ಧದಲ್ಲಿ ಮೈಸೂರು ಮತ್ತು ಜೋಧಪುರದ ಲ್ಯಾನ್ಸರ್ ಪಡೆಗಳು 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಹಿಡಿದ ಅದೇ ರಣರಂಗದಿಂದ, ಯುದ್ಧ ಮುಗಿದಮೇಲೆ ತಾಯ್ನಾಡಿಗೆ ಮರಳದ ಬ್ರಿಟಿಷ್ ಸೈನ್ಯದ ಸಾವಿರಾರು ಕುದುರೆಗಳನ್ನು ಈಜಿಪ್ಟಿನ ಗಾಡಿ ಹೊಡೆಯುವವರಿಗೂ ಕಲ್ಲುಗಣಿಯವರಿಗೂ ಮಾರಲಾಗಿತ್ತು. 1930ರಲ್ಲಿ ಕೈರೋಗೆ ಬಂದ ಡೊರೊತಿ ಬ್ರೂಕ್ ಎಂಬ ಮಹಿಳೆ, ಇಪ್ಪತ್ತು ವರ್ಷ ದಾಟಿ, ಮೊಳಕಾಲು ಬಾತು, ಗೊರಸು ಸೀಳಿ, ಇನ್ನೂ ಭಾರ ಎಳೆಯುತ್ತಿದ್ದ ಈ ಕುದುರೆಗಳನ್ನು ಕಂಡು ಮರುವರ್ಷ ಲಂಡನ್ನಿನ ಪತ್ರಿಕೆಯೊಂದಕ್ಕೆ ಬರೆದ ಕಾಗದದಿಂದ ಹಣ ಹರಿದುಬಂದು, ಸುಮಾರು 5,000 ಕುದುರೆಗಳನ್ನು ಆಕೆ ಮರಳಿ ಕೊಂಡಳು. ಅವುಗಳಲ್ಲಿ ಬಹುಪಾಲಿಗೆ ಆಕೆ ಕೊಡಲಾದದ್ದು ಕೆಲವು ದಿನಗಳ ವಿಶ್ರಾಂತಿ, ಹೊಟ್ಟೆತುಂಬ ಮೇವು ಮತ್ತು ನೋವಿಲ್ಲದ ಮರಣ ಇಷ್ಟೆ. 1934ರಲ್ಲಿ ಕೈರೋದಲ್ಲಿ ಆಕೆ ತೆರೆದ ಆಸ್ಪತ್ರೆಯಿಂದ ಬೆಳೆದ ಸಂಸ್ಥೆ ಈಗ ಭಾರತವೂ ಸೇರಿದಂತೆ ಹಲವು ದೇಶಗಳ ದುಡಿಯುವ ಕುದುರೆ, ಕತ್ತೆ, ಹೇಸರಗತ್ತೆಗಳ ಆರೈಕೆಯಲ್ಲಿ ತೊಡಗಿದೆ.

ಸಂಧಿಯ ರಚನೆಯನ್ನು ತಿಳಿಯದೆ ಅದರ ಪಾಲನೆಯನ್ನು ತಿಳಿಯುವುದು ಅಸಾಧ್ಯ. ಎರಡು ಮೂಳೆಗಳು ಕೂಡುವೆಡೆಯಲ್ಲಿ ಅವುಗಳ ತುದಿಗಳನ್ನು ನುಣುಪಾದ ಮೃದ್ವಸ್ಥಿಯ ಪದರವು ಹೊದೆದಿರುತ್ತದೆ. ಗೊರಸಿನ ಮೇಲಿರುವ ಫೆಟ್‌ಲಾಕ್ ಕೀಲಿನಲ್ಲಿ ಈ ಪದರದ ದಪ್ಪ ಒಂದು ಮಿಲಿಮೀಟರಿನ ಸುಮಾರು ಮಾತ್ರ. ಅದರ ತೂಕದಲ್ಲಿ ಮುಕ್ಕಾಲು ಪಾಲಿನಷ್ಟು ನೀರು. ಉಳಿದುದು ಕೊಲ್ಯಾಜನ್ ಎಂಬ ನಾರಿನ ಜಾಲ ಮತ್ತು ಆ ಜಾಲದೊಳಗೆ ನೀರನ್ನು ಹಿಡಿದಿಡುವ ಪ್ರೋಟಿಯೊಗ್ಲೈಕಾನುಗಳು. ಇದರಲ್ಲಿ ರಕ್ತನಾಳಗಳಿಲ್ಲ, ನರಗಳೂ ಇಲ್ಲ. ಆದುದರಿಂದ ಇದಕ್ಕೆ ಆಹಾರ ದೊರೆಯುವುದು ಸುತ್ತಲಿನ ಸಂಧಿದ್ರವದಿಂದ. ಕಾಲು ಊರಿದಾಗ ಹಿಂಡಿದ ಅರಿವೆಯಂತೆ ದ್ರವವನ್ನು ಹೊರಚೆಲ್ಲಿ, ಎತ್ತಿದಾಗ ಮತ್ತೆ ಹೀರಿಕೊಳ್ಳುವ ಮೂಲಕವೇ ಮೃದ್ವಸ್ಥಿ ಜೀವಿಸುತ್ತದೆ. ನಡಿಗೆಯೇ ಅದರ ಉಣಿಸು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ, ಮತ್ತು ಈ ಲೇಖನದಲ್ಲಿ ಮುಂದೆ ಬರುವ ಬಹುತೇಕ ವಿಧಿನಿಷೇಧಗಳು ಈ ಒಂದು ಸಂಗತಿಯಿಂದ ಹುಟ್ಟಿದವು. ಪ್ರಾಯಕ್ಕೆ ಬಂದ ಪ್ರಾಣಿಯಲ್ಲಿ ಕೊಲ್ಯಾಜನ್ ಜಾಲವು ಹೆಚ್ಚುಕಡಿಮೆ ಹೊಸದಾಗಿ ನೇಯಲ್ಪಡುವುದೇ ಇಲ್ಲ. ನಾಶವಾದ ಮೃದ್ವಸ್ಥಿ ಮರಳಿ ಬಾರದೆಂಬುದನ್ನು ಲಂಡನ್ನಿನ ಅಂಗರಚನಾಶಾಸ್ತ್ರಜ್ಞ ವಿಲಿಯಂ ಹಂಟರ್ 1743ರಷ್ಟು ಹಿಂದೆಯೇ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದಿದ್ದನು. ಅನಂತರದ ಸಂಶೋಧನೆಗಳು ಆ ಮಾತನ್ನು ವಿಸ್ತರಿಸಿವೆಯೇ ಹೊರತು ಸುಳ್ಳಾಗಿಸಿಲ್ಲ.

ನಿಂತ ಕುದುರೆಯ ದೇಹಭಾರದ ನೂರರಲ್ಲಿ ಸುಮಾರು 60 ಪಾಲು ಮುಂಗಾಲುಗಳ ಮೇಲಿರುತ್ತದೆ. ನಾಗಾಲೋಟದಲ್ಲಿ ಒಂದೊಂದು ಮುಂಗಾಲೂ ತನ್ನ ಸರದಿಯಲ್ಲಿ ದೇಹಭಾರದ ಸುಮಾರು ಎರಡೂವರೆ ಪಟ್ಟು ಒತ್ತಡವನ್ನು ಕ್ಷಣಕಾಲ ತಾಳುತ್ತದೆ. ಪಂದ್ಯದಲ್ಲಿ ಓಡಿದ ಕುದುರೆಗೆ ಫೆಟ್‌ಲಾಕ್ ಮತ್ತು ಮುಂಗಾಲಿನ ಮೊಳಕಾಲುಗಳು, ಜಿಗಿತದ ಅಥವಾ ಭಾರ ಎಳೆಯುವ ಕುದುರೆಗೆ ಹಿಂಗಾಲಿನ ಹಾಕ್ ಕೀಲು, ಗಟ್ಟಿರಸ್ತೆಯ ಮೇಲೆ ದುಡಿದುದಕ್ಕೆ ಗೊರಸಿನೊಳಗಿನ ಮತ್ತು ಅದಕ್ಕೆ ಹೊಂದಿದ ಕೀಲುಗಳು ಮೊದಲು ಕೆಡುವುದು ಇದರಿಂದಲೇ. ನಾವು ಕುದುರೆಯ ಮುಂಗಾಲಿನ ಮೊಳಕಾಲೆನ್ನುವುದು ನಮ್ಮ ಮಣಿಕಟ್ಟಿಗೆ ಸಮವೆಂಬುದನ್ನೂ, ಹಿಂದಕ್ಕೆ ಚಾಚಿಕೊಂಡಿರುವ ಹಾಕ್ ನಮ್ಮ ಹಿಮ್ಮಡಿಗಂಟಿಗೆ ಸಮವೆಂಬುದನ್ನೂ ನೆನಪಿನಲ್ಲಿಟ್ಟರೆ, ಈ ಪ್ರಾಣಿಯು ತನ್ನ ಸಮಸ್ತ ಭಾರವನ್ನು ನಾಲ್ಕು ಬೆರಳುಗಳ ತುದಿಯ ಮೇಲೆ ಹೊತ್ತು ನಡೆಯುತ್ತದೆಂಬುದು ಮನವರಿಕೆಯಾಗುತ್ತದೆ.

ವೃದ್ಧಾಶ್ವಗಳಲ್ಲಿ ಅತಿಸಾಮಾನ್ಯವಾದ ಕೀಲುರೋಗವೆಂದರೆ ಅಸ್ಥಿಸಂಧಿವಾತ. ಮೃದ್ವಸ್ಥಿಯು ಮೊದಲು ಒರಟಾಗಿ, ಬಿರಿದು, ತೆಳುವಾಗುತ್ತದೆ. ಸಂಧಿಯ ಒಳಪೊರೆ ಉರಿಯೂತಕ್ಕೊಳಗಾಗಿ ದ್ರವದ ಅಂಟುಗುಣ ಕುಗ್ಗುತ್ತದೆ. ಕೆಳಗಿನ ಮೂಳೆ ಗಡುಸಾಗಿ, ಅಂಚಿನಲ್ಲಿ ಮುಳ್ಳಿನಂಥ ಹೊಸಮೂಳೆ ಬೆಳೆಯುತ್ತದೆ. ಕೀಲನ್ನು ಸುತ್ತಿದ ಚೀಲ ದಪ್ಪವಾಗಿ ಬಾಗುವಿಕೆ ಕಡಿಮೆಯಾಗುತ್ತದೆ. ಹಾಕ್ ಕೀಲಿನ ಕೆಳಗಿನ ಎರಡು ಸಂಧಿಗಳಲ್ಲಿ ಇದು ಬಂದಾಗ ಒಂದು ವಿಚಿತ್ರ ಸಂಭವಿಸುವುದುಂಟು: ಆ ಸಂಧಿಗಳು ಸ್ವಭಾವತಃ ಅಲ್ಪವಾಗಿ ಮಾತ್ರ ಚಲಿಸುವಂಥವಾದುದರಿಂದ, ರೋಗವು ಕೊನೆಮುಟ್ಟಿ ಮೂಳೆಗಳು ಪರಸ್ಪರ ಬೆಸೆದುಕೊಂಡರೆ ನೋವು ತಾನಾಗಿಯೇ ಅಡಗಿ, ಕುದುರೆ ಮತ್ತೆ ಬಹುಮಟ್ಟಿಗೆ ಸರಿಯಾಗಿ ನಡೆಯುತ್ತದೆ. ಈ ಬೆಸುಗೆಯನ್ನು ಶಸ್ತ್ರಚಿಕಿತ್ಸೆಯಿಂದಲೋ ಸಂಧಿಯೊಳಕ್ಕೆ ಆಲ್ಕೊಹಾಲ್ ಚುಚ್ಚುವುದರಿಂದಲೋ ತ್ವರೆಗೊಳಿಸುವ ಪದ್ಧತಿಯೂ ಇದೆ. ಬಹಳವಾಗಿ ಚಲಿಸುವ ಫೆಟ್‌ಲಾಕಿಗೆ ಅಂಥ ಭಾಗ್ಯವಿಲ್ಲ. ಅದು ಬೆಸೆದರೆ ಕುದುರೆ ಸರಿಯಾಗಿ ನಡೆಯಲಾರದೆ ಕುಂಟುತ್ತಲೇ ಉಳಿಯುತ್ತದೆ. ಕೀಲಿನ ಹೊರಗಿನ ಅಂಗಗಳೂ ಮುಪ್ಪಿನಲ್ಲಿ ಸಡಿಲುತ್ತವೆ. ಹಲವು ಬಾರಿ ಮರಿಹಾಕಿದ ಮುದಿ ಹೆಣ್ಣುಗುದುರೆಗಳಲ್ಲಿ ಹಿಂಗಾಲಿನ ತೂಗುರಜ್ಜು ಸವೆದು, ಫೆಟ್‌ಲಾಕ್ ನೆಲದತ್ತ ಕುಸಿಯುವುದನ್ನು ತಳಿ ಕೇಂದ್ರಗಳಲ್ಲಿ ಕಾಣಬಹುದು.

ರೋಗಲಕ್ಷಣಗಳು ಒಮ್ಮೆಗೇ ಕುಂಟಾಗಿ ಪ್ರಕಟವಾಗುವುದು ಅಪರೂಪ. ಬೆಳಗ್ಗೆ ಲಾಯದಿಂದ ಹೊರಗೆ ತಂದಾಗ ಮೊದಲ ಹತ್ತಿಪ್ಪತ್ತು ಹೆಜ್ಜೆ ಗಿಡ್ಡವಾಗಿ, ಎಳೆದಂತಿದ್ದು, ಆಮೇಲೆ ಸಡಿಲಗೊಳ್ಳುವುದು; ತಿರುಗುವಾಗ ಒಳಗಾಲನ್ನು ದಾಟಿಸದೆ ಸುತ್ತು ಹಾಕುವುದು; ಗೊರಸಿನ ತುದಿ ನೆಲಕ್ಕೆ ಉಜ್ಜಿ ಸವೆಯುವುದು; ಇಳಿಜಾರಿನಲ್ಲಿ ಅನುಮಾನಿಸುವುದು; ಮಾಲೀಸು ಮಾಡುವಾಗ ಎಂದೂ ಕಿವಿ ಮಡಿಸದ ಪ್ರಾಣಿ ಈಗ ಮಡಿಸುವುದು; ಹಿಂಡಿನಲ್ಲಿ ಹಿಂದೆ ಬೀಳುವುದು ಇವು ಮುನ್ಸೂಚನೆಗಳು. ವಯಸ್ಸಾಯಿತು, ಹಾಗಾಗಿ ನಿಧಾನವಾಗಿದೆ ಎಂದು ಒಡೆಯನು ಇವನ್ನೆಲ್ಲ ಮುಪ್ಪಿನ ಖಾತೆಗೆ ಹಾಕಿಬಿಡುವುದೇ ಹೆಚ್ಚು. ನಿಧಾನವಾಗುವುದು ಮುಪ್ಪು, ನೋಯುವುದು ರೋಗ. ಎರಡನ್ನೂ ಬೇರ್ಪಡಿಸಲು ಗಟ್ಟಿನೆಲದ ಮೇಲೆ ಹಗ್ಗ ಸಡಿಲಬಿಟ್ಟು ಕುದುರೆಯನ್ನು ಕುಕ್ಕುಲೋಟದಲ್ಲಿ, ಎಂದರೆ ಕರ್ಣರೇಖೆಯಲ್ಲಿರುವ ಒಂದು ಮುಂಗಾಲು ಒಂದು ಹಿಂಗಾಲು ಜೊತೆಯಾಗಿ ನೆಲಕ್ಕೆ ತಾಗುವ ಓಟದಲ್ಲಿ, ನಡೆಸಿ ನೋಡಬೇಕು. ಮುಂಗಾಲು ನೋಯುತ್ತಿದ್ದರೆ ಆ ಕಾಲು ಊರಿದಾಗ ತಲೆ ಮೇಲೆದ್ದು, ಒಳ್ಳೆಯ ಕಾಲು ಊರಿದಾಗ ಕೆಳಗಿಳಿಯುತ್ತದೆ. ಹಿಂಗಾಲಾದರೆ ನೋಯುವ ಕಡೆಯ ಸೊಂಟ ಹೆಚ್ಚಾಗಿ ಏರಿಳಿಯುತ್ತದೆ. ಎರಡು ಕಾಲೂ ಸಮವಾಗಿ ನೋಯುತ್ತಿದ್ದರೆ ತಲೆ ಅಲ್ಲಾಡುವುದಿಲ್ಲ, ಹೆಜ್ಜೆ ಮಾತ್ರ ಗಿಡ್ಡವಾಗುತ್ತದೆ. ಅನುಭವಿಗಳೂ ಮೋಸಹೋಗುವುದು ಇಲ್ಲಿಯೇ. ಅನಂತರ ಒಂದೊಂದು ಕೀಲನ್ನೂ ಅರ್ಧದಿಂದ ಒಂದು ನಿಮಿಷ ಬಾಗಿಸಿ ಹಿಡಿದು ಓಡಿಸುವ ಪರೀಕ್ಷೆ, ನರವನ್ನು ತಾತ್ಕಾಲಿಕವಾಗಿ ಮರಗಟ್ಟಿಸಿ ನೋವಿನ ನೆಲೆಯನ್ನು ಗುರುತಿಸುವ ಕ್ರಮ, ಎಕ್ಸ್‌ರೇ ಇವುಗಳಿಂದ ವೈದ್ಯನು ನಿರ್ಣಯಕ್ಕೆ ಬರುತ್ತಾನೆ. ಎಕ್ಸ್‌ರೇಯಲ್ಲಿ ಕಾಣುವ ಮೂಳೆಯ ವಿಕಾರಕ್ಕೂ ಕುದುರೆ ಪಡುವ ನೋವಿಗೂ ಸದಾ ತಾಳೆಯಿರುವುದಿಲ್ಲವೆಂಬುದನ್ನು ಮರೆಯಕೂಡದು.

ಕೀಲುನೋವಿನ ಒಂದು ಫಲವು ಬಹುಕಾಲ ಗಮನಕ್ಕೆ ಬಾರದೆ ಉಳಿದಿತ್ತು, ಅದು ನಿದ್ರಾಭಂಗ. ಕಾಲಿನ ಕಂಡರ ಮತ್ತು ಅಸ್ಥಿರಜ್ಜುಗಳ ವಿಶಿಷ್ಟ ಬಿಗಿಹದಿಂದಾಗಿ ಕುದುರೆ ನಿಂತುಕೊಂಡೇ ತೂಕಡಿಸಬಲ್ಲುದಾದುದರಿಂದ ಅದಕ್ಕೆ ಮಲಗುವ ಅಗತ್ಯವೇ ಇಲ್ಲವೆಂಬ ತಪ್ಪುತಿಳಿವಳಿಕೆ ವ್ಯಾಪಕವಾಗಿದೆ. ಕನಸು ಕಾಣುವ ಗಾಢನಿದ್ರೆಯ ಹಂತದಲ್ಲಿ ಮಾಂಸಖಂಡಗಳು ಪೂರ್ತಿ ಸಡಿಲಗೊಳ್ಳುವುದರಿಂದ ಅದಕ್ಕಾಗಿ ಪ್ರತಿದಿನ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗಾದರೂ ಅದು ನೆಲಕ್ಕೊರಗಲೇಬೇಕು. ಎದ್ದೇಳುವಾಗ ಹಸು ಹಿಂಭಾಗವನ್ನು ಮೊದಲು ಎತ್ತಿದರೆ, ಕುದುರೆ ಮುಂಗಾಲುಗಳೆರಡನ್ನೂ ಮುಂದಕ್ಕೆ ಚಾಚಿ ಎದೆಯನ್ನೆತ್ತಿ, ಆಮೇಲೆ ಹಿಂಗಾಲುಗಳ ಒಂದೇ ನೂಕಿಗೆ ಮೇಲೇಳುತ್ತದೆ; ಆ ನೂಕಿನ ಭಾರವೆಲ್ಲ ಬೀಳುವುದು ಹಾಕ್ ಮತ್ತು ಹಿಂಗಾಲಿನ ಮೊಣಕಾಲಿನ ಸಂಧಿಗಳ ಮೇಲೆ. ಒಮ್ಮೆ ಏಳಲಾರದೆ ಒದ್ದಾಡಿದ ಮುದಿ ಕುದುರೆ ಮತ್ತೆ ಮಲಗಲು ಅಂಜುತ್ತದೆ. ಮಲಗದೆ ಹಲವು ದಿನ ಕಳೆದಾಗ, ನಿಂತಲ್ಲಿಯೇ ಗಾಢನಿದ್ರೆಗೆ ಜಾರಿ, ಮುಂಗಾಲು ಮಡಿದು ಮುಗ್ಗರಿಸಿ, ಬೆಚ್ಚಿ ಮತ್ತೆ ನಿಲ್ಲುತ್ತದೆ. ಫೆಟ್‌ಲಾಕಿನ ಅಥವಾ ಮೊಳಕಾಲಿನ ಮುಂಭಾಗದಲ್ಲಿ ಕಾರಣ ತಿಳಿಯದ ತರಚುಗಾಯಗಳು, ಬೆಳಗ್ಗೆ ಮೈಮೇಲೆ ಹುಲ್ಲುಕಡ್ಡಿ ಅಂಟದಿರುವುದು, ಹಾಸಿಗೆ ಕದಡದಿರುವುದು ಇದರ ಕುರುಹುಗಳು. ಲಾಯದ ಆಳು ದಿನವೂ ಹಾಸಿಗೆಯನ್ನು ಗಮನಿಸಿ ಹೇಳುವ ಮಾತು, ಈ ವಿಷಯದಲ್ಲಿ, ಯಂತ್ರಪರೀಕ್ಷೆಗಿಂತ ಹೆಚ್ಚು ಬೆಲೆಯುಳ್ಳದ್ದು.

ಪಾಲನೆಯಲ್ಲಿ ಅಗ್ರಸ್ಥಾನ ಚಲನೆಗೆ. ಕುಂಟುವ ಕುದುರೆಯನ್ನು ಲಾಯದಲ್ಲಿ ಕಟ್ಟಿ ವಿಶ್ರಾಂತಿ ಕೊಡುವುದು ಹೊಸ ಗಾಯಕ್ಕೆ ತಕ್ಕ ಚಿಕಿತ್ಸೆ. ಹಳೆಯ ಸಂಧಿವಾತಕ್ಕೆ ಅದೇ ವಿಷ. ನಿಂತಷ್ಟೂ ಮೃದ್ವಸ್ಥಿಗೆ ಉಣಿಸು ತಪ್ಪುತ್ತದೆ, ಕೀಲಿನ ಚೀಲ ಬಿಗಿಯುತ್ತದೆ, ಸಂಧಿಗೆ ಆಧಾರವಾಗಿರುವ ಮಾಂಸಖಂಡ ಕರಗುತ್ತದೆ, ಮತ್ತು ಮೈಬೊಜ್ಜು ಬೆಳೆಯುತ್ತದೆ. ಹಗಲೆಲ್ಲ ಸಮತಟ್ಟಾದ ಹುಲ್ಲುಗಾವಲಿನಲ್ಲಿ ಶಾಂತಸ್ವಭಾವದ ಸಂಗಾತಿಯೊಡನೆ ಬಿಟ್ಟುಬಿಡುವುದು ಎಲ್ಲಕ್ಕಿಂತ ಉತ್ತಮ. ಮೇಯುತ್ತ ಮೇಯುತ್ತ ತಾನಾಗಿ ಇಡುವ ಹೆಜ್ಜೆಗಳಿಗೆ ಸಮನಾದ ವ್ಯಾಯಾಮವಿಲ್ಲ. ಬಯಲು ಇಲ್ಲದೆಡೆ ದಿನಕ್ಕೆರಡು ಬಾರಿ ಕೈಹಿಡಿದು ನಡೆಸಬೇಕು. ಇನ್ನೂ ಸವಾರಿ ಮಾಡಬಹುದಾದ ಕುದುರೆಗೆ ಮೊದಲ ಹತ್ತು ಹದಿನೈದು ನಿಮಿಷ ಬರಿ ನಡಿಗೆ, ಆಮೇಲೆ ನೇರದಾರಿಯಲ್ಲಿ ಸ್ವಲ್ಪ ಕುಕ್ಕುಲೋಟ, ಕೊನೆಗೆ ಮತ್ತೆ ನಡಿಗೆ; ಕಿರಿದಾದ ಸುತ್ತು, ಹಠಾತ್ ನಿಲುಗಡೆ, ಜಿಗಿತ ಇವು ವರ್ಜ್ಯ. ವಾರದಲ್ಲಿ ಆರು ದಿನ ಕಟ್ಟಿಹಾಕಿ ಭಾನುವಾರ ಮಾತ್ರ ಎರಡು ಗಂಟೆ ಸವಾರಿ ಮಾಡುವ ನಗರದ ಹವ್ಯಾಸಿಗಳು ತಮ್ಮ ಕುದುರೆಯನ್ನು ಪ್ರೀತಿಸುತ್ತಾರೆಂಬುದರಲ್ಲಿ ಸಂದೇಹವಿಲ್ಲ, ಆದರೆ ಅದರ ಕೀಲುಗಳಿಗೆ ಇದಕ್ಕಿಂತ ಕೆಟ್ಟ ದಿನಚರಿಯನ್ನು ಯೋಚಿಸುವುದು ಕಷ್ಟ. ನೆಲದ ವಿಚಾರದಲ್ಲಿಯೂ ಮಧ್ಯಮಮಾರ್ಗವೇ ಲೇಸು: ಡಾಂಬರು ರಸ್ತೆ ಕೀಲಿಗೆ ಪೆಟ್ಟು, ಆಳವಾದ ಮರಳು ಕಂಡರಗಳಿಗೆ ಎಳೆತ, ಮಳೆಗಾಲದ ಕೆಸರು ಜಾರಿಕೆ. ನೀರಿನಲ್ಲಿ ಈಜಿಸುವುದು ಭಾರವಿಲ್ಲದೆ ಕಾಲಾಡಿಸುವ ಉಪಾಯವಾದರೂ, ಬೆನ್ನುಬೇನೆಯುಳ್ಳ ಮುದಿಪ್ರಾಣಿಗೆ ಅದು ತಕ್ಕುದೋ ಅಲ್ಲವೋ ಎಂಬುದನ್ನು ವೈದ್ಯನೇ ಹೇಳಬೇಕು.

ಗೊರಸು ಕೆಟ್ಟರೆ ಮೇಲಿನ ಕೀಲುಗಳಿಗೆಲ್ಲ ಅದರ ದಂಡ ಬೀಳುತ್ತದೆ. ಗೊರಸಿನ ಮುಂತುದಿ ಉದ್ದ ಬೆಳೆದಷ್ಟೂ ಕಾಲೆತ್ತುವಾಗ ಮೀಟುವ ಭಾರ ಹೆಚ್ಚಿ, ಗೊರಸಿನೊಳಗಿನ ಕೀಲೂ ಹಿಂದಿನ ಕಂಡರಗಳೂ ಬಳಲುತ್ತವೆ. ಒಂದು ಬದಿ ಎತ್ತರವಾದರೆ ಪ್ರತಿ ಹೆಜ್ಜೆಯೂ ಸಂಧಿಯ ಒಂದೇ ಮಗ್ಗುಲನ್ನು ಜಜ್ಜುತ್ತದೆ. ಆದುದರಿಂದ ಐದಾರು ವಾರಗಳಿಗೊಮ್ಮೆ ಗೊರಸನ್ನು ಕೆತ್ತಿ ಸಮಮಾಡಿ, ಲಾಳ ಕಟ್ಟುವುದಾದರೆ ಮುಂತುದಿಯನ್ನು ದುಂಡಗೆ ಮಾಡಿದ ಲಾಳವನ್ನು ಕಟ್ಟಿಸುವುದು ಹಿತ. ಕೆಲಸವಿಲ್ಲದೆ ಮೆದುನೆಲದಲ್ಲಿರುವ ಕುದುರೆಗೆ ಲಾಳವೇ ಬೇಡವಾಗಬಹುದು. ಲಾಳಗಾರನ ಕೈಯಲ್ಲಿ ಮುದಿ ಕುದುರೆ ಹಟಮಾರಿಯೆನಿಸಿಕೊಳ್ಳುವುದು ಸಾಮಾನ್ಯ: ಹಿಂಗಾಲನ್ನು ತೊಡೆಯ ಮೇಲೆ ಎಳೆದುಕೊಂಡರೆ ಅದು ಸೆಳೆದುಕೊಳ್ಳುತ್ತದೆ, ಗದರಿದರೆ ಮೈಯೊರಗಿಸುತ್ತದೆ, ಹೊಡೆದರೆ ಒದೆಯುತ್ತದೆ. ಅದೇ ಕಾಲನ್ನು ನೆಲದಿಂದ ಒಂದು ಗೇಣು ಮಾತ್ರ ಎತ್ತಿ, ಹೊಟ್ಟೆಯಡಿಯಲ್ಲಿ ನೇರವಾಗಿ ಹಿಡಿದು, ಅರೆನಿಮಿಷಕ್ಕೊಮ್ಮೆ ಕೆಳಗಿರಿಸಿ ವಿಶ್ರಾಂತಿ ಕೊಟ್ಟರೆ ಅದು ಸುಮ್ಮನೆ ನಿಲ್ಲುತ್ತದೆ. ಹಟವೆನಿಸಿದ್ದು ಬಾಗಿಸಿದ ಕೀಲಿನ ನೋವು ಮತ್ತು ಉಳಿದ ಮೂರು ಕಾಲುಗಳ ಮೇಲೆ ಬಿದ್ದ ಭಾರ. ವೈದ್ಯನ ಒಪ್ಪಿಗೆಯಿಂದ ಅಂದು ಬೆಳಗ್ಗೆ ನೋವುನಿವಾರಕವನ್ನು ಕೊಟ್ಟಿರುವುದೂ ಒಳ್ಳೆಯದು.

ಲಾಯದ ನೆಲಕ್ಕೆ ಹಾಸುಗಲ್ಲು ಅಥವಾ ಸಿಮೆಂಟು ಇದ್ದಲ್ಲಿ ಮೇಲೆ ರಬ್ಬರ್ ಹಾಸನ್ನೂ ಅದರ ಮೇಲೆ ದಪ್ಪವಾಗಿ ಹುಲ್ಲನ್ನೋ ಭತ್ತದ ಹೊಟ್ಟನ್ನೋ ಹರಡಬೇಕು. ಇದು ನಿಂತಾಗ ಮೆತ್ತಗಿರುವುದಕ್ಕಲ್ಲ, ಮಲಗಿ ಏಳುವಾಗ ಗೊರಸು ಜಾರದೆ ಹಿಡಿತ ಸಿಗುವುದಕ್ಕೆ. ಕೋಣೆ ಮೈಚಾಚಿ ಉರುಳುವಷ್ಟು ವಿಶಾಲವಾಗಿರಬೇಕು. ಚಳಿಗಾಲದ ರಾತ್ರಿ ಮೈಮೇಲೆ ಕಂಬಳಿ ಹೊದಿಸಬೇಕು. ಮೇವನ್ನು ನೆಲಮಟ್ಟದಲ್ಲಿಯೋ ಎದೆಮಟ್ಟದಲ್ಲಿಯೋ ಇಡಬೇಕೆಂಬುದು ಆ ಕುದುರೆಯ ಕತ್ತಿನ ಸ್ಥಿತಿಯನ್ನು ನೋಡಿ ನಿರ್ಧರಿಸತಕ್ಕದ್ದು.

ಆಹಾರದ ವಿಚಾರದಲ್ಲಿ ಎರಡು ವಿರುದ್ಧ ಭಯಗಳ ನಡುವೆ ನಡೆಯಬೇಕಾಗುತ್ತದೆ. ದೇಹದ ಪ್ರತಿಯೊಂದು ಕಿಲೋವನ್ನೂ ಹೊರಬೇಕಾದುದು ಅದೇ ಸವೆದ ಕೀಲುಗಳಾದುದರಿಂದ ಬೊಜ್ಜು ಕೂಡದು. ಸ್ನಾಯುಬಲವೇ ಸಂಧಿಯ ಊರೆಗೋಲಾದುದರಿಂದ ಬಡಕಲಾಗುವುದೂ ಕೂಡದು. 1983ರಲ್ಲಿ ಅಮೆರಿಕದ ಹೆನೆಕೆ ರೂಪಿಸಿದ, ಒಂದರಿಂದ ಒಂಬತ್ತರವರೆಗಿನ ದೇಹಸ್ಥಿತಿಯ ಶ್ರೇಣಿಯಲ್ಲಿ ಐದರ ಆಸುಪಾಸಿನಲ್ಲಿರುವುದು, ಎಂದರೆ ಪಕ್ಕೆಲುಬು ಕಣ್ಣಿಗೆ ಕಾಣದೆ ಕೈಗೆ ಸಿಗುವುದು, ಮೇಲು. ಮೇವಿನ ಮುಖ್ಯಭಾಗ ಹುಲ್ಲೇ ಆಗಿರಬೇಕು. ಕುದುರೆ ಮೆಂತ್ಯದ ಸೊಪ್ಪು ಸಸಾರಜನಕವನ್ನು ಒದಗಿಸುತ್ತದೆ. ನಮ್ಮ ಕಡೆಯ ವಾಡಿಕೆಯ ಬೇಯಿಸಿದ ಹುರುಳಿಯೂ ಮಿತವಾಗಿ ಕೊಟ್ಟರೆ ಅದೇ ಕೆಲಸವನ್ನು ಮಾಡುತ್ತದೆ. ಅಗಸೆಯ ಎಣ್ಣೆ ಮತ್ತು ಮೀನೆಣ್ಣೆಗಳಲ್ಲಿರುವ ಒಮೇಗಾ-3 ಮೇದಸ್ಸುಗಳು ಉರಿಯೂತವನ್ನು ಸ್ವಲ್ಪಮಟ್ಟಿಗೆ ತಗ್ಗಿಸುತ್ತವೆಂಬುದಕ್ಕೆ ಆಧಾರಗಳಿವೆ. ಇದೆಲ್ಲ ಹೊಟ್ಟೆಗೆ ಸೇರಬೇಕಾದರೆ ಹಲ್ಲು ಇರಬೇಕು. ಕುದುರೆಯ ದವಡೆಹಲ್ಲು ವರ್ಷಕ್ಕೆ ಎರಡು ಮೂರು ಮಿಲಿಮೀಟರಿನಷ್ಟು ಸವೆಯುತ್ತ, ಅಷ್ಟೇ ವಸಡಿನಿಂದ ಮೇಲೇರುತ್ತ ಬಂದು, ಕೊನೆಗೊಮ್ಮೆ ಬೇರಿನ ಭಂಡಾರವೇ ಮುಗಿದುಹೋಗುತ್ತದೆ. ಅರ್ಧ ಅಗಿದ ಹುಲ್ಲಿನ ಉಂಡೆಗಳು ಗೋದಲಿಯಲ್ಲಿ ಬಿದ್ದಿದ್ದರೆ ಹಲ್ಲನ್ನು ನೋಡಿಸಿ, ನೆನೆಸಿದ ಮೆತ್ತನೆಯ ಆಹಾರಕ್ಕೆ ತಿರುಗತಕ್ಕದ್ದು.

ವೃದ್ಧಾಶ್ವಗಳಲ್ಲಿ ಪಿಟ್ಯೂಟರಿ ಗ್ರಂಥಿಯ ಒಂದು ವಿಕಾರವು ಅಪರೂಪವಲ್ಲ. ಬೇಸಗೆ ಬಂದರೂ ಉದುರದ ಉದ್ದನೆಯ ಸುರುಳಿಗೂದಲು, ಬೆನ್ನಿನ ಮಾಂಸ ಇಂಗುವುದು, ಪದೇಪದೇ ನೀರು ಕುಡಿಯುವುದು ಇದರ ಲಕ್ಷಣ. ಪರ್ಗೊಲೈಡ್ ಎಂಬ ಔಷಧವನ್ನು ಜೀವಮಾನವಿಡೀ ಕೊಡಬೇಕಾಗುತ್ತದೆ. ಈ ವಿಕಾರದಿಂದ ಗೊರಸಿನ ಒಳಪದರ ಉರಿಯೂತಗೊಂಡು ಉಂಟಾಗುವ ಕುಂಟನ್ನು ಸಂಧಿವಾತವೆಂದು ಭ್ರಮಿಸಿ ನಡೆಸಿದರೆ ಅನಾಹುತವಾದೀತು. ಆದುದರಿಂದ ಹೊಸ ಕುಂಟು ಕಂಡ ಯಾವ ಮುದಿ ಕುದುರೆಯನ್ನಾಗಲಿ ಮೊದಲು ಈ ದೃಷ್ಟಿಯಿಂದ ಪರೀಕ್ಷಿಸಬೇಕು.

ಔಷಧಗಳಲ್ಲಿ ಅತಿ ಹಳೆಯದೂ ಅಗ್ಗವೂ ಆದ ಫಿನೈಲ್‌ಬ್ಯೂಟಜೋನ್ 1950ರ ದಶಕದಿಂದ ಬಳಕೆಯಲ್ಲಿದೆ. ನೋವಿನ ಮೇಲೆ ಅದರ ಪ್ರಭಾವ ನಿಸ್ಸಂದಿಗ್ಧ. ಹಿತಕರ ಪ್ರಮಾಣಕ್ಕೂ ವಿಷಪ್ರಮಾಣಕ್ಕೂ ನಡುವಣ ಅಂತರ ಮಾತ್ರ ಬಹಳ ಕಿರಿದು. ಪ್ರಮಾಣ ಮೀರಿದರೆ ಜಠರದಲ್ಲಿ ಹುಣ್ಣು, ದೊಡ್ಡಕರುಳಿನ ಉರಿಯೂತ, ಮೂತ್ರಪಿಂಡದ ಹಾನಿ. ಫಿರೊಕಾಕ್ಸಿಬ್ ಮತ್ತು ಮೆಲಾಕ್ಸಿಕ್ಯಾಮ್‌ಗಳು ಜಠರಕ್ಕೆ ಹೋಲಿಕೆಯಲ್ಲಿ ಸೌಮ್ಯ. ಈ ವರ್ಗದ ಎರಡು ಔಷಧಗಳನ್ನು ಒಟ್ಟಿಗೆ ಎಂದಿಗೂ ಕೊಡಕೂಡದು. ಭಾರತದಲ್ಲಿ ಈ ಆಯ್ಕೆಗೆ ಇನ್ನೊಂದು ಮುಖವಿದೆ: ಇದೇ ವರ್ಗದ ಡೈಕ್ಲೊಫಿನ್ಯಾಕ್ ಕೊಟ್ಟ ಪಶುಗಳ ಕಳೇಬರವನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆಂಬುದು 2004ರಲ್ಲಿ ಸಿದ್ಧವಾಗಿ, 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಲಾಯಿತು, 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸಿಕ್ಲೊಫಿನ್ಯಾಕ್‌ಗಳೂ ಆ ಸಾಲಿಗೆ ಸೇರಿದುವು. ಮೆಲಾಕ್ಸಿಕ್ಯಾಮ್ ಹದ್ದುಗಳಿಗೆ ನಿರಪಾಯಕಾರಿ. ರಾಮನಗರದ ಬೆಟ್ಟದಲ್ಲಿ 2012ರಲ್ಲಿ ರಣಹದ್ದುಗಳ ಧಾಮವನ್ನು ಘೋಷಿಸಿದ ರಾಜ್ಯದಲ್ಲಿ ಕುದುರೆ ಸಾಕುವವನಿಗೆ ಇದು ದೂರದ ಸಂಗತಿಯಲ್ಲ.

ಸಂಧಿಯೊಳಕ್ಕೇ ಚುಚ್ಚುವ ಕಾರ್ಟಿಕೊಸ್ಟೆರಾಯ್ಡುಗಳು ಉರಿಯೂತವನ್ನು ಕೆಲವು ತಿಂಗಳ ಮಟ್ಟಿಗೆ ಅಡಗಿಸುತ್ತವೆ. ಪಿಟ್ಯೂಟರಿ ವಿಕಾರವುಳ್ಳ ಕುದುರೆಯಲ್ಲಿ ಗೊರಸಿನ ಉರಿಯೂತವನ್ನು ಕೆರಳಿಸುವ ಶಂಕೆಯಿರುವುದರಿಂದ ಎಚ್ಚರ ಬೇಕು. ಹಯಲುರಾನಿಕ್ ಆಮ್ಲವು ಸಂಧಿದ್ರವದ ಅಂಟುಗುಣಕ್ಕೆ ಪೂರಕ. ಪಾಲಿಸಲ್ಫೇಟೆಡ್ ಗ್ಲೈಕೊಸಮಿನೊಗ್ಲೈಕಾನನ್ನು ನಾಲ್ಕು ದಿನಗಳಿಗೊಮ್ಮೆಯಂತೆ ಏಳು ಬಾರಿ ಮಾಂಸಖಂಡಕ್ಕೆ ಚುಚ್ಚುವುದು ರೂಢಿ. ಕುದುರೆಯದೇ ರಕ್ತದಿಂದ ಸಿದ್ಧಗೊಳಿಸಿದ ಪ್ಲೇಟ್‌ಲೆಟ್ ಸಾರ ಮತ್ತು ಕಾಂಡಕೋಶಗಳ ಚಿಕಿತ್ಸೆಗಳು ದುಬಾರಿಯಾಗಿದ್ದು, ಎಳೆಯ ಕ್ರೀಡಾಶ್ವಗಳಿಗೆ ಉಪಯೋಗವಾದಷ್ಟು ಕೊನೆಯ ಹಂತದ ಮುದಿಸಂಧಿಗಳಿಗೆ ಉಪಯೋಗವಾಗುವುದಿಲ್ಲ. ಇನ್ನು ಅಂಗಡಿಯಲ್ಲಿ ಸಿಗುವ ಗ್ಲೂಕೊಸಮಿನ್, ಕಾಂಡ್ರಾಯ್ಟಿನ್ ಪುಡಿಗಳು: ಬಾಯಿಯ ಮೂಲಕ ಕೊಟ್ಟ ಗ್ಲೂಕೊಸಮಿನ್‌ನಲ್ಲಿ ಅತ್ಯಲ್ಪ ಭಾಗ ಮಾತ್ರ ಕುದುರೆಯ ರಕ್ತಕ್ಕೆ ಸೇರುತ್ತದೆ, ಮತ್ತು ಅದರ ಫಲವನ್ನು ಸಾರುವ ಪ್ರಯೋಗಗಳ ಗುಣಮಟ್ಟವು ವಿಮರ್ಶೆಗೆ ನಿಲ್ಲುವಂಥದಲ್ಲ. ಅಪಾಯವಿಲ್ಲವೆಂಬುದೇ ಅವುಗಳ ಮುಖ್ಯ ಗುಣ. ಅದೇ ಹಣದಲ್ಲಿ ಲಾಳಗಾರನನ್ನು ಎರಡು ವಾರ ಮುಂಚೆ ಕರೆಸಿದರೆ ಪ್ರಯೋಜನ ಹೆಚ್ಚು.

ಬಾತ ಕೀಲಿಗೂ ಕಂಡರಕ್ಕೂ ಕಾದ ಕಬ್ಬಿಣದಿಂದ ಬರೆಯೆಳೆಯುವ ಪದ್ಧತಿ ಯುರೋಪಿನಲ್ಲಿಯೂ ನಮ್ಮಲ್ಲಿಯೂ ಶತಮಾನಗಳ ಕಾಲ ಪ್ರಚಲಿತವಾಗಿತ್ತು. ಬರೆ ಹಾಕಿದ ಮೇಲೆ ಕೊಡುತ್ತಿದ್ದ ತಿಂಗಳುಗಟ್ಟಲೆಯ ವಿಶ್ರಾಂತಿಯಿಂದ ಕುದುರೆ ಚೇತರಿಸಿಕೊಂಡರೆ ಕೀರ್ತಿ ಬರೆಗೆ ಸಲ್ಲುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯಲ್ಲಿ ಎಮ್ಮೆಯ ಪಾಡಿಗೆ ನಗುವ ನಾವು ಕುದುರೆಯ ವಿಷಯದಲ್ಲಿ ಬಹುಕಾಲ ಗಂಭೀರವಾಗಿಯೇ ಅದನ್ನು ಆಚರಿಸಿದೆವು. ಇಂದು ಅದಕ್ಕೆ ವೈದ್ಯಶಾಸ್ತ್ರದ ಸಮ್ಮತಿಯಿಲ್ಲ. ಬಿಸಿನೀರಿನ ಶಾಖ, ಹದವಾದ ನೀವಿಕೆ, ಕೀಲು ಉರಿಯುತ್ತಿದ್ದಾಗ ತಣ್ಣೀರ ಧಾರೆ ಇವು ರೋಗವನ್ನು ನೀಗದಿದ್ದರೂ ಪ್ರಾಣಿಗೆ ಹಿತ.

ಮೈಸೂರಿನ ಜಟಕಾ ಮತ್ತು ಸಾರೋಟುಗಳ ಕುದುರೆಗಳಿಗೆ ಈ ವಿಧಿಗಳಲ್ಲಿ ಅರ್ಧದಷ್ಟೂ ಅನ್ವಯಿಸುವುದು ಕಷ್ಟ. ಡಾಂಬರಿನ ಮೇಲೆ ಲಾಳದ ಕಾಲೂರಿ ದಿನವಿಡೀ ನಿಲ್ಲುವ, ದುಡಿಯದ ದಿನ ಮೇವಿಲ್ಲದ ಆ ಪ್ರಾಣಿಗೆ ಹುಲ್ಲುಗಾವಲಿನ ಮಾತು ಆಡುವುದು ಲೇವಡಿಯಂತಾದೀತು. ಅಂಥಲ್ಲಿಯೂ ಸಾಧ್ಯವಾದುವು ಇಲ್ಲದಿಲ್ಲ: ಸವಾರಿಗಳ ಸಂಖ್ಯೆಯನ್ನು ಮಿತಿಗೊಳಿಸುವುದು, ಗಾಡಿಯ ಭಾರ ಬೆನ್ನಿನ ಮೇಲೆ ಬೀಳದಂತೆ ಮೂಕಿಯನ್ನು ಸಮತೂಕಗೊಳಿಸುವುದು, ನಿಲ್ದಾಣದಲ್ಲಿ ನೆರಳಿರುವ ಮಣ್ಣುನೆಲದ ಮೇಲೆ ನಿಲ್ಲಿಸುವುದು, ಲಾಳವನ್ನು ಕಳಚಿಬೀಳುವವರೆಗೆ ಕಾಯದೆ ಬದಲಿಸುವುದು, ರಾತ್ರಿ ಮೂಗುದಾರದಷ್ಟು ಗಿಡ್ಡ ಹಗ್ಗದಲ್ಲಿ ಕಟ್ಟದೆ ಮಲಗಲು ಅನುವು ಕೊಡುವುದು. ಇವುಗಳಲ್ಲಿ ಕೊನೆಯದಕ್ಕೆ ಒಂದು ಕಾಸೂ ಖರ್ಚಿಲ್ಲ.

ಪಾಲನೆಯ ಅವಧಿಗೆ ಒಂದು ಕೊನೆಯುಂಟು. ಔಷಧ ಕೊಟ್ಟರೂ ಕುದುರೆ ನಡಿಗೆಯಲ್ಲಿಯೇ ಕುಂಟತೊಡಗಿದಾಗ, ಮಲಗಿದರೆ ಸಹಾಯವಿಲ್ಲದೆ ಏಳಲಾರದಾದಾಗ, ಮೇವಿನ ಬಳಿಗೆ ಬರುವುದನ್ನೂ ಬಿಟ್ಟಾಗ, ಮರಣವನ್ನು ಮುಂದೂಡುವುದರಿಂದ ಒಡೆಯನ ಮನಸ್ಸಿಗೆ ಸಮಾಧಾನವಾಗಬಹುದೇ ಹೊರತು ಕುದುರೆಗೆ ಲಾಭವಿಲ್ಲ. ಸುಮಾರು ನಾಲ್ಕುನೂರು ಕಿಲೋ ತೂಕದ ಪ್ರಾಣಿ ನಡುರಾತ್ರಿಯಲ್ಲಿ ಬಿದ್ದು ಒದ್ದಾಡುವ ಪ್ರಸಂಗವನ್ನು ಎದುರುನೋಡುವುದಕ್ಕಿಂತ, ಮಳೆಗಾಲಕ್ಕೆ ಮುಂಚೆ, ಹಗಲಿನಲ್ಲಿ, ವೈದ್ಯನನ್ನು ಬರಮಾಡಿಕೊಂಡು ಆ ಕೆಲಸವನ್ನು ಮುಗಿಸುವುದು ದಯೆಯ ದಾರಿ. ಇದಕ್ಕೆ ಬಳಸುವ ಬಾರ್ಬಿಟ್ಯುರೇಟ್ ಔಷಧವು ಕಳೇಬರದಲ್ಲಿ ಬಹುಕಾಲ ಉಳಿದು, ಅದನ್ನು ತಿಂದ ನಾಯಿ, ಹದ್ದುಗಳನ್ನೂ ಕೊಲ್ಲಬಲ್ಲುದಾದ್ದರಿಂದ, ಬಾವಿ ಮತ್ತು ಹಳ್ಳಗಳಿಂದ ದೂರದಲ್ಲಿ ಆಳವಾದ ಗುಂಡಿಯನ್ನು ಮೊದಲೇ ತೋಡಿಸಿಟ್ಟಿದ್ದು, ಅಂದೇ ಹೂಳತಕ್ಕದ್ದು.